ತಾಯಿ ಕೋಷ್ಟಕ, ಮಗು ಕೋಷ್ಟಕ ಮತ್ತು ಹೊಸಪೇಟೆಯ ಪಾಠ

ಹೊಸಪೇಟೆಯಲ್ಲಿ ಬಸ್ಸು ಹತ್ತಿ ಕಂಪ್ಲಿಗೆ ಹೊರಟರೆ ದಾರಿಯಲ್ಲಿ ಒಂದು ಜಿಲ್ಲೆ ಮುಗಿದು ಇನ್ನೊಂದು ಜಿಲ್ಲೆ ಆರಂಭವಾಗುತ್ತದೆ. ಸಂಡೂರಿಗೆ ಹೊರಟರೂ ಅಷ್ಟೇ. 2021ಕ್ಕೆ ಮೊದಲು ಹೀಗಿರಲಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕೂ ಊರುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ರಾಜ್ಯದ 31ನೆಯ ಜಿಲ್ಲೆಯಾಗಿ ವಿಜಯನಗರ ರಚನೆಯಾಯಿತು. ಬಳ್ಳಾರಿ ಜಿಲ್ಲೆಯ 11 ತಾಲ್ಲೂಕುಗಳ ಪೈಕಿ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿ ಹೀಗೆ ಆರು ಹೊಸ ಜಿಲ್ಲೆಗೆ ಸೇರಿದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ ಮತ್ತು ಸಂಡೂರು ಹೀಗೆ ಐದು ಹಳೆಯ ಜಿಲ್ಲೆಯಲ್ಲೇ ಉಳಿದವು. ಹಂಪಿ ಹೊಸಪೇಟೆ ತಾಲ್ಲೂಕಿನ ಊರಾದ್ದರಿಂದ ತಾಲ್ಲೂಕಿನೊಡನೆ ಅದೂ ವಿಜಯನಗರಕ್ಕೆ ಹೋಯಿತು.

ಇದರಿಂದ ತುಂಗಭದ್ರೆ ತನ್ನ ಪಾತ್ರ ಬಿಟ್ಟು ಸರಿಯಲಿಲ್ಲ, ಸಂಡೂರಿನ ಗುಡ್ಡ ಅಲುಗಲಿಲ್ಲ. ಬದಲಾದದ್ದು ದಾಖಲೆ ಮಾತ್ರ. ಆದರೆ ನಮ್ಮ ವಿಭಾಗದ ಒಂದು ಗಣಕದಲ್ಲಿ ಆ ಆರು ತಾಲ್ಲೂಕುಗಳು ಒಂದು ಮಧ್ಯಾಹ್ನ ಇಲ್ಲವೇ ಆಗಿಬಿಟ್ಟವು.

ನಡೆದದ್ದು ಇಷ್ಟು. ಎಂ.ಎಸ್‌ಸಿ. ವಿದ್ಯಾರ್ಥಿಗಳು ತಮ್ಮ ಯೋಜನಾಕಾರ್ಯಕ್ಕಾಗಿ ತಾಲ್ಲೂಕುವಾರು ಮಳೆಯ ಅಳತೆಗಳನ್ನು ಗಣಕದಲ್ಲಿ ತುಂಬಿಡುತ್ತಿದ್ದರು. ಹೊಸ ಜಿಲ್ಲೆ ಬಂದ ಮೇಲೆ ಅದಕ್ಕೆ ತಕ್ಕಂತೆ ದಾಖಲೆಯನ್ನು ತಿದ್ದಬೇಕಾಯಿತು. ಒಬ್ಬ ವಿದ್ಯಾರ್ಥಿ ಮೊದಲು ಬಳ್ಳಾರಿಯ ಪಟ್ಟಿಯಿಂದ ಆರು ತಾಲ್ಲೂಕುಗಳನ್ನು ತೆಗೆದು, ಬದಲಾವಣೆಯನ್ನು ಉಳಿಸಿದ. ಆಮೇಲೆ ವಿಜಯನಗರದ ಪಟ್ಟಿಗೆ ಸೇರಿಸಲು ಹೋದರೆ ಸೇರಿಸಲು ತಾಲ್ಲೂಕುಗಳೇ ಇರಲಿಲ್ಲ! ಅವುಗಳ ಮಳೆಯ ಅಳತೆಗಳೂ ಅಳಿಸಿಹೋಗಿದ್ದವು. ತಂತ್ರಾಂಶ ಒಂದೇ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಪುಣ್ಯಕ್ಕೆ ಪೆನ್‌ಡ್ರೈವ್‌ನಲ್ಲಿ ಹಳೆಯ ಪ್ರತಿಯೊಂದಿತ್ತು. ನಂತರದ ಎರಡು ತಿಂಗಳ ಅಳತೆಗಳನ್ನು ನೋಟ್‌ಬುಕ್ ನೋಡಿ ಕೈಯಾರೆ ಮತ್ತೆ ತುಂಬಬೇಕಾಯಿತು. ತಪ್ಪು ಆ ಹುಡುಗನದಲ್ಲ. ಹೀಗಾಗಲು ಕಾರಣವಾದ ಒಂದು ಸಾಲಿನ ಸೂಚನೆಯನ್ನು ಬರೆಸಿದವನು ನಾನೇ.

ಆ ಒಂದು ಸಾಲು ಯಾವುದು, ಅದು ಏಕೆ ಅಪಾಯಕಾರಿ ಎಂದು ತಿಳಿಯಬೇಕಾದರೆ ದತ್ತಸಂಚಯದ ಕೋಷ್ಟಕಗಳಿಗೂ ಕ್ರಮವಿಧಿಯಲ್ಲಿನ ಆಬ್ಜೆಕ್ಟ್‌ಗಳಿಗೂ ಇರುವ ಸಂಬಂಧವನ್ನು ಅರಿಯಬೇಕು.

ಶಾಲೆಯ ದಾಖಲಾತಿ ಪುಸ್ತಕ ಮತ್ತು ಪಡಿತರ ಚೀಟಿ

ಒಂದೇ ಕುಟುಂಬದ ವಿವರವನ್ನು ಎರಡು ರೀತಿಯಲ್ಲಿ ಬರೆಯಬಹುದು. ಶಾಲೆಯ ದಾಖಲಾತಿ ಪುಸ್ತಕ ತೆರೆದು ನೋಡಿ. ಪ್ರತಿ ಮಗುವಿಗೆ ಒಂದು ಸಾಲು. ಆ ಸಾಲಿನಲ್ಲಿ ‘ತಂದೆ-ತಾಯಿಯ ಹೆಸರು’ ಎಂಬ ಕಾಲಂ ಇರುತ್ತದೆ. ಅಂದರೆ ಮಗುವಿನ ಮುಂದೆ ಹೆತ್ತವರ ಗುರುತು ಇದೆ. ಅದೇ ಮನೆಯ ಪಡಿತರ ಚೀಟಿ ನೋಡಿ. ಮೇಲೆ ಕುಟುಂಬದ ಮುಖ್ಯಸ್ಥರ ಹೆಸರು, ಅದರ ಕೆಳಗೆ ಸದಸ್ಯರ ಪಟ್ಟಿ. ಇಲ್ಲಿ ಹೆತ್ತವರ ಬಳಿ ಮಕ್ಕಳ ಪಟ್ಟಿ ಇದೆ.

ದತ್ತಸಂಚಯದ ಕೋಷ್ಟಕ ಶಾಲೆಯ ದಾಖಲಾತಿ ಪುಸ್ತಕದಂತೆ, ಕ್ರಮವಿಧಿಯ ಆಬ್ಜೆಕ್ಟ್ ಪಡಿತರ ಚೀಟಿಯಂತೆ. ಸಂಬಂಧ ಒಂದೇ ಆದರೂ ಬೆರಳು ತೋರಿಸುವ ದಿಕ್ಕು ಬೇರೆ. ಒಂದರಿಂದ ಇನ್ನೊಂದಕ್ಕೆ ತಪ್ಪಿಲ್ಲದೆ ಪರಿವರ್ತಿಸುವುದನ್ನೇ ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್ ಎನ್ನುತ್ತಾರೆ. ಜಾವಾ ಭಾಷೆಗಾಗಿ 2001ರಲ್ಲಿ ಆರಂಭವಾದ ಹೈಬರ್ನೇಟ್, ಪೈಥಾನ್ ಭಾಷೆಯ ಜಾಂಗೋ ಮತ್ತು ಎಸ್‌ಕ್ಯೂಎಲ್ ಆಲ್ಕೆಮಿ ಮೊದಲಾದ ತಂತ್ರಾಂಶಗಳು ಈ ಕೆಲಸವನ್ನು ಮಾಡಿಕೊಡುತ್ತವೆ.

ಕೋಷ್ಟಕದಲ್ಲಿ ಮಗುವೇ ಏಕೆ ಹೇಳಬೇಕು?

1970ರಲ್ಲಿ ಐಬಿಎಂ ಸಂಸ್ಥೆಯ ಇ.ಎಫ್. ಕಾಡ್ ದತ್ತಾಂಶವನ್ನು ಸರಳ ಕೋಷ್ಟಕಗಳಲ್ಲಿ ಇಡುವ ಸಂಬಂಧಾತ್ಮಕ ಮಾದರಿಯನ್ನು ಪ್ರಕಟಿಸಿದರು. ಅದಕ್ಕೆ ಮುಂಚಿನ ಹಲವು ವ್ಯವಸ್ಥೆಗಳಲ್ಲಿ ತಾಯಿ ದಾಖಲೆಯ ಕೆಳಗೇ ಮಗು ದಾಖಲೆಯನ್ನು ಕಟ್ಟಿಹಾಕಲಾಗುತ್ತಿತ್ತು. ತಾಯಿಯ ಮೂಲಕ ಹೋಗದೆ ಮಗುವನ್ನು ತಲುಪುವುದು ಕಷ್ಟವಾಗಿತ್ತು. ಕಾಡ್ ಅವರ ಮಾದರಿಯಲ್ಲಿ ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಬೆಲೆ ಇರಬೇಕು.

ಈ ನಿಯಮದ ಪರಿಣಾಮವನ್ನು ನಮ್ಮ ಉದಾಹರಣೆಯಲ್ಲೇ ನೋಡೋಣ. ಜಿಲ್ಲೆಗಳ ಕೋಷ್ಟಕವೊಂದು, ತಾಲ್ಲೂಕುಗಳ ಕೋಷ್ಟಕವೊಂದು ಇರಲಿ. ಜಿಲ್ಲೆ ತಾಯಿ, ತಾಲ್ಲೂಕು ಮಗು. ಜಿಲ್ಲೆಯ ಸಾಲಿನಲ್ಲೇ ತಾಲ್ಲೂಕುಗಳನ್ನು ಬರೆಯಲು ಹೊರಟರೆ ಎಷ್ಟು ಕಾಲಂ ಮಾಡಬೇಕು? ಬಳ್ಳಾರಿಗೆ ಐದು ಸಾಕು, ವಿಜಯನಗರಕ್ಕೆ ಆರು ಬೇಕು, ಹಿಂದಿನ ಬಳ್ಳಾರಿಗೆ ಹನ್ನೊಂದು ಬೇಕಾಗುತ್ತಿತ್ತು. ಆದರೆ ಯಾವುದೇ ತಾಲ್ಲೂಕಿಗೆ ಒಂದು ಹೊತ್ತಿನಲ್ಲಿ ಒಂದೇ ಜಿಲ್ಲೆ. ಆದ್ದರಿಂದ ತಾಲ್ಲೂಕಿನ ಸಾಲಿನಲ್ಲಿ ಜಿಲ್ಲೆಗೆಂದು ಒಂದು ಕಾಲಂ ಇಟ್ಟರೆ ಸಾಕು.

ಉದಾಹರಣೆಗೆ ಬಳ್ಳಾರಿ ಜಿಲ್ಲೆಗೆ 1, ವಿಜಯನಗರಕ್ಕೆ 2 ಎಂಬ ಸಂಖ್ಯೆ ಕೊಡೋಣ. ಈ ಸಂಖ್ಯೆಗಳು ಇಲ್ಲಿಯ ವಿವರಣೆಗೆ ಮಾತ್ರ. ತಾಲ್ಲೂಕುಗಳ ಕೋಷ್ಟಕ ಹೀಗಿರುತ್ತದೆ:

ತಾಲ್ಲೂಕು 101 – ಹೊಸಪೇಟೆ – ಜಿಲ್ಲೆ 2
ತಾಲ್ಲೂಕು 102 – ಕಂಪ್ಲಿ – ಜಿಲ್ಲೆ 1
ತಾಲ್ಲೂಕು 103 – ಸಂಡೂರು – ಜಿಲ್ಲೆ 1

ಮೊದಲ ಸಂಖ್ಯೆ ಆ ಸಾಲಿನದೇ ಗುರುತು. ಇದು ಪ್ರಧಾನ ಕೀಲಿ ಅಥವಾ ಪ್ರೈಮರಿ ಕೀ. ಕೊನೆಯದು ಬೇರೊಂದು ಕೋಷ್ಟಕದ ಸಾಲನ್ನು ತೋರಿಸುವ ಪರಕೀಲಿ ಅಥವಾ ಫಾರಿನ್ ಕೀ. ತಾಯಿ ಕೋಷ್ಟಕದಲ್ಲಿ ಇಲ್ಲದ ಜಿಲ್ಲೆಯ ಸಂಖ್ಯೆಯನ್ನು ಮಗುವಿನ ಸಾಲಿನಲ್ಲಿ ಬರೆಯಹೋದರೆ ದತ್ತಸಂಚಯ ಒಪ್ಪುವುದಿಲ್ಲ.

ಹೊಸಪೇಟೆಯನ್ನು ಬಳ್ಳಾರಿಯಿಂದ ವಿಜಯನಗರಕ್ಕೆ ಸೇರಿಸಲು ಈ ಕೋಷ್ಟಕದಲ್ಲಿ ಮಾಡಬೇಕಾದದ್ದು ಒಂದೇ ಕೆಲಸ. 101ರ ಸಾಲಿನಲ್ಲಿದ್ದ 1 ಎಂಬುದನ್ನು 2 ಎಂದು ತಿದ್ದುವುದು. ಯಾವುದನ್ನೂ ತೆಗೆಯಬೇಕಿಲ್ಲ, ಯಾವುದನ್ನೂ ಹೊಸದಾಗಿ ಸೇರಿಸಬೇಕಿಲ್ಲ.

ಹತ್ತಿರದ ತಾಯಿಯ ಗುರುತು ಮಾತ್ರ ಬರೆದಿಡುವುದರಿಂದ ಇನ್ನೊಂದು ಲಾಭವುಂಟು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದು ಇಂಥ ಕೋಷ್ಟಕವಿದ್ದಿದ್ದರೆ, ಹೊರಹೋದ ಆ ಮೂರು ತಾಲ್ಲೂಕುಗಳ ಪರಕೀಲಿಯನ್ನು ತಿದ್ದಿ, ಬಳ್ಳಾರಿಯ ಒಂದು ಸಾಲಿನಲ್ಲಿ ರಾಜ್ಯದ ಸಂಖ್ಯೆಯನ್ನು ಬದಲಿಸಿದ್ದರೆ ಸಾಕಾಗುತ್ತಿತ್ತು. ಹೊಸಪೇಟೆ, ಸಂಡೂರುಗಳ ಸಾಲನ್ನು ಮುಟ್ಟಬೇಕಿರಲಿಲ್ಲ. ಪ್ರತಿ ತಾಲ್ಲೂಕಿನ ಸಾಲಿನಲ್ಲೂ ರಾಜ್ಯದ ಹೆಸರನ್ನು ಬರೆದಿಟ್ಟಿದ್ದರೆ ಎಲ್ಲವನ್ನೂ ತಿದ್ದಬೇಕಿತ್ತು, ಒಂದು ಬಿಟ್ಟುಹೋದರೂ ಗೊಂದಲ.

ಆಬ್ಜೆಕ್ಟ್‌ನಲ್ಲಿ ತಾಯಿಗೇ ಏಕೆ ಪಟ್ಟಿ?

ಕ್ರಮವಿಧಿ ಬರೆಯುವವರ ಅಗತ್ಯ ಬೇರೆ. ‘ವಿಜಯನಗರ ಜಿಲ್ಲೆಯ ಸರಾಸರಿ ಮಳೆ ಎಷ್ಟು?’ ಎಂದು ಕೇಳಿದರೆ ಆ ಜಿಲ್ಲೆಯ ತಾಲ್ಲೂಕುಗಳನ್ನು ಒಂದೊಂದಾಗಿ ಎತ್ತಿಕೊಂಡು ಲೆಕ್ಕ ಹಾಕಬೇಕು. ಅದಕ್ಕೆ ಜಿಲ್ಲೆಯ ಬಳಿ ತಾಲ್ಲೂಕುಗಳ ಪಟ್ಟಿ ಇದ್ದರೆ ಅನುಕೂಲ. 1960ರ ದಶಕದಲ್ಲಿ ನಾರ್ವೆಯಲ್ಲಿ ರೂಪುಗೊಂಡ ಸಿಮುಲಾ ಭಾಷೆಯಿಂದ ಮೊದಲ್ಗೊಂಡು ಇಂದಿನ ಜಾವಾ, ಪೈಥಾನ್‌ಗಳವರೆಗೆ ದತ್ತಾಂಶವನ್ನೂ ಅದರ ಮೇಲೆ ನಡೆಯುವ ಕ್ರಿಯೆಯನ್ನೂ ಒಟ್ಟಿಗೆ ಕಟ್ಟಿಡುವ ಆಬ್ಜೆಕ್ಟ್ ಪದ್ಧತಿ ಬೆಳೆದುಬಂದಿದೆ. ಇಲ್ಲಿ ಜಿಲ್ಲೆ ಒಂದು ಆಬ್ಜೆಕ್ಟ್. ಅದರೊಳಗೆ ಹೆಸರು ಮತ್ತು ತಾಲ್ಲೂಕುಗಳ ಪಟ್ಟಿ. ಪ್ರತಿ ತಾಲ್ಲೂಕೂ ಒಂದು ಆಬ್ಜೆಕ್ಟ್. ಅದಕ್ಕೆ ತನ್ನ ಜಿಲ್ಲೆ ಯಾವುದೆಂದು ಗೊತ್ತು.

ಈಗ ಸಂಬಂಧಕ್ಕೆ ಎರಡು ತುದಿಗಳಾದವು. ಜಿಲ್ಲೆಯ ಪಟ್ಟಿಯಲ್ಲಿ ತಾಲ್ಲೂಕು ಇದೆ, ತಾಲ್ಲೂಕಿನಲ್ಲಿ ಜಿಲ್ಲೆಯ ಗುರುತಿದೆ. ಎರಡೂ ಒಂದನ್ನೇ ಹೇಳಬೇಕು. ಆದರೆ ಹಾಗೆಂದು ಯಾರೂ ಖಾತರಿ ಕೊಟ್ಟಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಸೇರಿಸಿ ಶಾಲೆಯ ಪುಸ್ತಕ ತಿದ್ದದೆ ಬಿಟ್ಟಂತೆ, ಒಂದು ತುದಿ ತಿದ್ದಿ ಇನ್ನೊಂದನ್ನು ಮರೆಯಬಹುದು. ಆಗ ದತ್ತಸಂಚಯಕ್ಕೆ ಹೋಗುವುದು ಯಾವ ತುದಿಯ ಮಾತು?

ಹೈಬರ್ನೇಟ್‌ನಂತಹ ತಂತ್ರಾಂಶದಲ್ಲಿ ಇದನ್ನು ನಾವೇ ನಿಗದಿಪಡಿಸಬೇಕು. ಪರಕೀಲಿ ಮಗುವಿನ ಸಾಲಿನಲ್ಲಿ ಇರುವುದರಿಂದ ಸಾಮಾನ್ಯವಾಗಿ ಮಗುವಿನ ತುದಿಗೇ ಅಧಿಕಾರ ಕೊಡುತ್ತಾರೆ. ತಾಯಿಯ ಪಟ್ಟಿ ಕೇವಲ ಅದರ ಪ್ರತಿಬಿಂಬ. ಪಟ್ಟಿಗೆ ಮಾತ್ರ ಹೊಸಪೇಟೆಯನ್ನು ಸೇರಿಸಿ, ಹೊಸಪೇಟೆಗೆ ಅದರ ಜಿಲ್ಲೆಯನ್ನು ತಿಳಿಸದಿದ್ದರೆ ಪರಕೀಲಿ ಬದಲಾಗುವುದಿಲ್ಲ. ಪರದೆಯ ಮೇಲೆ ಎಲ್ಲ ಸರಿಯಾಗಿ ಕಾಣಿಸಿ, ಮರುದಿನ ತೆರೆದಾಗ ಹಳೆಯದೇ ಇರುತ್ತದೆ. ಎರಡೂ ತುದಿಗಳನ್ನು ಒಟ್ಟಿಗೆ ತಿದ್ದುವ ಒಂದೇ ವಿಧಾನವನ್ನು ಬರೆದು, ಎಲ್ಲರೂ ಅದನ್ನೇ ಬಳಸುವಂತೆ ಮಾಡುವುದು ಇದಕ್ಕೆ ಪರಿಹಾರ.

ಓದುವಾಗಿನ ಎಚ್ಚರ

ಎರಡು ಕೋಷ್ಟಕಗಳನ್ನು ಕೀಲಿಯ ಆಧಾರದ ಮೇಲೆ ಜೋಡಿಸಿ ಓದುವುದಕ್ಕೆ ಜಾಯ್ನ್ ಎಂದು ಹೆಸರು. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳನ್ನು ತಾಲ್ಲೂಕುಗಳೊಡನೆ ಜೋಡಿಸಿದರೆ 11 ಸಾಲುಗಳು ಬರುತ್ತವೆ. ಬಳ್ಳಾರಿಯ ಹೆಸರು ಐದು ಸಲ, ವಿಜಯನಗರದ್ದು ಆರು ಸಲ ಇರುತ್ತದೆ. ಸಾಲಿಗೊಂದರಂತೆ ಆಬ್ಜೆಕ್ಟ್ ಮಾಡುತ್ತ ಹೋದರೆ ಗಣಕದ ಸ್ಮೃತಿಯಲ್ಲಿ ಐದು ಬಳ್ಳಾರಿಗಳು ಹುಟ್ಟಿಕೊಳ್ಳುತ್ತವೆ! ಒಂದನ್ನು ತಿದ್ದಿದರೆ ಉಳಿದ ನಾಲ್ಕಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಈ ತಂತ್ರಾಂಶಗಳು ‘ಈ ಪ್ರಧಾನ ಕೀಲಿಯ ಆಬ್ಜೆಕ್ಟ್ ಈಗಾಗಲೇ ಇದೆಯೇ?’ ಎಂದು ನೋಡಿಕೊಳ್ಳುವ ಒಂದು ಪಟ್ಟಿಯನ್ನು ಇಟ್ಟುಕೊಳ್ಳುತ್ತವೆ. ಇದ್ದರೆ ಅದನ್ನೇ ಬಳಸುತ್ತವೆ, ಇಲ್ಲದಿದ್ದರೆ ಮಾತ್ರ ಹೊಸದನ್ನು ಸೃಷ್ಟಿಸುತ್ತವೆ. ಇದರಿಂದ 11 ಸಾಲುಗಳಿಂದ ಎರಡೇ ಜಿಲ್ಲೆ, ಹನ್ನೊಂದು ತಾಲ್ಲೂಕು ದೊರೆಯುತ್ತವೆ.

ಜೋಡಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಜಯನಗರದ ಸಾಲನ್ನು ಈಗಷ್ಟೇ ಬರೆದಿದ್ದೇವೆ, ಯಾವ ತಾಲ್ಲೂಕನ್ನೂ ಇನ್ನೂ ಸೇರಿಸಿಲ್ಲ ಎನ್ನಿ. ಸಾಮಾನ್ಯ ಜೋಡಣೆಯಲ್ಲಿ ಆ ಜಿಲ್ಲೆ ಕಾಣಿಸುವುದೇ ಇಲ್ಲ. ಏಕೆಂದರೆ ಜೋಡಿಯಾಗಲು ಮಗು ಇಲ್ಲ. ಮಕ್ಕಳಿಲ್ಲದ ತಾಯಿಯೂ ಬೇಕೆಂದರೆ ಲೆಫ್ಟ್ ಜಾಯ್ನ್ ಎಂಬ ಬಗೆಯನ್ನು ಬಳಸಬೇಕು.

ಎಲ್ಲ ಮಕ್ಕಳನ್ನೂ ಮೊದಲೇ ತರುವ ಬದಲು, ಬೇಕಾದಾಗ ತಂದರಾಯಿತು ಎಂಬ ಸೋಮಾರಿ ವಿಧಾನವೂ ಉಂಟು. ಅದರ ಹೆಸರೇ ಲೇಜಿ ಲೋಡಿಂಗ್. ಒಂದು ಜಿಲ್ಲೆಯ ಹೆಸರು ಮಾತ್ರ ಬೇಕಿದ್ದಾಗ ಇದು ಒಳ್ಳೆಯದು. ಆದರೆ ರಾಜ್ಯದ 31 ಜಿಲ್ಲೆಗಳನ್ನೂ ತಾಲ್ಲೂಕುಗಳ ಸಹಿತ ಮುದ್ರಿಸಬೇಕೆನ್ನಿ. ಜಿಲ್ಲೆಗಳಿಗಾಗಿ ಒಂದು ಪ್ರಶ್ನೆ, ಆಮೇಲೆ ಪ್ರತಿ ಜಿಲ್ಲೆಯ ತಾಲ್ಲೂಕುಗಳಿಗಾಗಿ ಒಂದೊಂದು. ಒಟ್ಟು 32 ಸಲ ದತ್ತಸಂಚಯದ ಬಾಗಿಲು ತಟ್ಟಬೇಕು. ಒಂದು ಸಲಕ್ಕೆ 20 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ 640 ಮಿಲಿಸೆಕೆಂಡ್. ಇದೇ ಕ್ರಮವನ್ನು ತಾಲ್ಲೂಕು, ಹೋಬಳಿ, ಗ್ರಾಮಗಳವರೆಗೆ ಮುಂದುವರಿಸಿದರೆ ಕುಳಿತವರು ಚಹಾ ಕುಡಿದು ಬರಬಹುದು. ಇದನ್ನು ‘ಎನ್ ಪ್ಲಸ್ ಒನ್’ ಸಮಸ್ಯೆ ಎನ್ನುತ್ತಾರೆ. ಎಲ್ಲವೂ ಬೇಕೆಂದು ಮೊದಲೇ ಗೊತ್ತಿದ್ದರೆ ಒಂದೇ ಜೋಡಣೆಯಲ್ಲಿ ತರಿಸಿಕೊಳ್ಳುವುದು ಜಾಣತನ.

ಬರೆಯುವಾಗಿನ ಕ್ರಮ

ಬರೆಯುವಾಗ ತಾಯಿ ಮೊದಲು. ವಿಜಯನಗರದ ಸಾಲು ಹುಟ್ಟಿ ಅದಕ್ಕೊಂದು ಕೀಲಿ ದೊರೆಯುವವರೆಗೆ ಹೊಸಪೇಟೆಯ ಪರಕೀಲಿಗೆ ಬೆಲೆ ಇರುವುದಿಲ್ಲ. ಅಳಿಸುವಾಗ ಕ್ರಮ ತಿರುಗುಮುರುಗು. ಮಕ್ಕಳು ಇನ್ನೂ ತೋರಿಸುತ್ತಿರುವ ತಾಯಿಯನ್ನು ತೆಗೆಯಲು ದತ್ತಸಂಚಯ ಬಿಡುವುದಿಲ್ಲ. ಇವೆಲ್ಲ ಒಂದೇ ವಹಿವಾಟಿನೊಳಗೆ, ಅಂದರೆ ಟ್ರಾನ್ಸಾಕ್ಷನ್ನಿನೊಳಗೆ ನಡೆಯಬೇಕು. ಮಧ್ಯದಲ್ಲಿ ವಿದ್ಯುತ್ ಹೋದರೆ ಎಲ್ಲವೂ ಹಿಂದಿನ ಸ್ಥಿತಿಗೆ ಮರಳಬೇಕು. ಮೂರು ತಾಲ್ಲೂಕು ಹೊಸ ಜಿಲ್ಲೆಯಲ್ಲಿ, ಮೂರು ಹಳೆಯದರಲ್ಲಿ ಎಂದಾಗಬಾರದು.

ಅಳಿಸುವುದು: ಆ ಒಂದು ಸಾಲು

ಈಗ ನಮ್ಮ ಪ್ರಮಾದಕ್ಕೆ ಬರೋಣ. ಮಗುವನ್ನು ತಾಯಿಯ ಪಟ್ಟಿಯಿಂದ ತೆಗೆದರೆ ಅದರ ಅರ್ಥವೇನು? ‘ಈ ಮಗು ಇನ್ನು ಈ ತಾಯಿಯದಲ್ಲ’ ಎಂದೇ? ಅಥವಾ ‘ಈ ಮಗು ಇನ್ನು ಇಲ್ಲವೇ ಇಲ್ಲ’ ಎಂದೇ? ಗಣಕಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ನಾವು ಹೇಳಬೇಕು. ‘ತಾಯಿ ಇಲ್ಲದ ಮಗುವನ್ನು ಅಳಿಸು’ ಎಂದು ಹೇಳುವ ಸೂಚನೆಯೊಂದಿದೆ. ಆರ್ಫನ್ ರಿಮೂವಲ್, ಅಂದರೆ ಅನಾಥ ದಾಖಲೆಯ ನಿರ್ಮೂಲನ ಎಂದು ಅದರ ಹೆಸರು. ನಾನು ಬರೆಸಿದ್ದು ಇದನ್ನೇ.

ನಾನು ಅದನ್ನು ಬರೆಸಿದ್ದಕ್ಕೂ ಕಾರಣವಿತ್ತು. ಮೊದಲು ನಾವು ಇದೇ ತಂತ್ರಾಂಶವನ್ನು ಪ್ರಯೋಗಶಾಲೆಯ ಲೆಕ್ಕಕ್ಕೆ ಬಳಸುತ್ತಿದ್ದೆವು. ಅಲ್ಲಿ ಪ್ರಯೋಗ ತಾಯಿ, ಅದರ ಅಳತೆಗಳು ಮಕ್ಕಳು. ಲೋಲಕದ ಪ್ರಯೋಗದಲ್ಲಿ ತಪ್ಪಾಗಿ ಬರೆದ ಒಂದು ಅಳತೆಯನ್ನು ಪಟ್ಟಿಯಿಂದ ತೆಗೆದರೆ ಅದು ಇನ್ನೊಂದು ಪ್ರಯೋಗಕ್ಕೆ ಹೋಗಿ ಸೇರುವುದಿಲ್ಲ. ಅದು ಅಳಿಯುವುದೇ ಸರಿ. ಕಂಪ್ಲಿಯ ಭತ್ತದ ವ್ಯಾಪಾರಿಯ ಬಿಲ್ಲಿನ ಒಂದೊಂದು ಸಾಲೂ ಹೀಗೆಯೇ. ಬಿಲ್ಲು ಹರಿದರೆ ಸಾಲೂ ಹೋಯಿತು. ಆದರೆ ತಾಲ್ಲೂಕು ಜಿಲ್ಲೆಯ ಬಿಲ್ಲಿನ ಸಾಲಲ್ಲ. ಅದು ಜಿಲ್ಲೆಯನ್ನು ಬಿಟ್ಟೂ ಬದುಕಬಲ್ಲದು. ಪ್ರಯೋಗಶಾಲೆಗೆ ಸರಿಹೊಂದಿದ ಸೂಚನೆಯನ್ನು ಯೋಚಿಸದೆ ತಾಲ್ಲೂಕಿಗೂ ಹಚ್ಚಿದ್ದೇ ನನ್ನ ತಪ್ಪು. ತಾಲ್ಲೂಕು ಅಳಿದಾಗ ಅದರ ಮಕ್ಕಳಾದ ಮಳೆಯ ಅಳತೆಗಳೂ ಅಳಿದವು. ಗಣಕ ಹೇಳಿದಷ್ಟನ್ನೇ ಮಾಡಿತ್ತು.

ಮಗು ತಾಯಿಯನ್ನು ಬಿಟ್ಟು ಇರಲಾರದು ಎನಿಸುವ ಕಡೆಯಲ್ಲೂ ಅವಸರದಿಂದ ಅಳಿಸಬಾರದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳಿವೆ. ಅಣೆಕಟ್ಟೆ ತಾಯಿ, ಗೇಟುಗಳು ಮಕ್ಕಳು. ಗೇಟು ಬೇರೆ ಅಣೆಕಟ್ಟೆಗೆ ವರ್ಗವಾಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದ ಪರಿಶ್ರಮದಿಂದ ಅಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ಇಳಿಸಲಾಯಿತು. ಇಂಥದೊಂದು ದತ್ತಸಂಚಯದಲ್ಲಿ ಕೊಚ್ಚಿಹೋದ ಗೇಟಿನ ಸಾಲನ್ನು ಅಳಿಸಬೇಕೆ? ಅಳಿಸಿದರೆ ಅದರ ತಪಾಸಣೆ, ದುರಸ್ತಿಗಳ ಇತಿಹಾಸವೂ ಹೋಗುತ್ತದೆ. ಮುಂದೆ ಕಾರಣ ಹುಡುಕುವವರಿಗೆ ಬೇಕಾದದ್ದು ಅದೇ. ಆದ್ದರಿಂದ ‘19ನೆಯ ಸ್ಥಾನ’ ಬೇರೆ, ಅಲ್ಲಿ ಕೂತಿರುವ ಗೇಟು ಬೇರೆ ಎಂದು ಎರಡು ಕೋಷ್ಟಕ ಮಾಡಿ, ಹಳೆಯ ಗೇಟಿನ ಸಾಲಿಗೆ ‘ಬಳಕೆಯಲ್ಲಿಲ್ಲ’ ಎಂಬ ಗುರುತನ್ನೂ ದಿನಾಂಕವನ್ನೂ ಬರೆದಿಡುವುದು ಸೂಕ್ತ.

ಹೆಸರು ಕೀಲಿಯಲ್ಲ

ಸಂಖ್ಯೆ ಏಕೆ, ಹೆಸರನ್ನೇ ಕೀಲಿಯಾಗಿ ಬಳಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರನ್ನು ಅಧಿಕೃತವಾಗಿ ಬದಲಿಸಲಾಯಿತು. ಕನ್ನಡದಲ್ಲಿ ನಾವು ಮೊದಲಿನಿಂದಲೂ ಹೊಸಪೇಟೆ, ಬಳ್ಳಾರಿ ಎಂದೇ ಬರೆಯುತ್ತಿದ್ದರೂ ಇಂಗ್ಲಿಷಿನಲ್ಲಿ ‘ಹಾಸ್ಪೆಟ್’, ‘ಬೆಲ್ಲಾರಿ’ ಎಂದಿದ್ದದ್ದು ಅಂದು ಸರಿಹೋಯಿತು. ಇಂಗ್ಲಿಷ್ ಹೆಸರನ್ನೇ ಕೀಲಿಯಾಗಿಸಿದ್ದ ದತ್ತಸಂಚಯವಿದ್ದರೆ ಅದರ ಪ್ರತಿಯೊಂದು ಮಗುವಿನ ಸಾಲನ್ನೂ ತಿದ್ದಬೇಕಾಗುತ್ತದೆ.

ಕಂಪ್ಲಿಯದು ಇನ್ನೂ ಸ್ವಾರಸ್ಯಕರ. ಕಂಪ್ಲಿ ಎಂಬುದು ಪಟ್ಟಣದ ಹೆಸರು, ಹೋಬಳಿಯ ಹೆಸರು, 2017–18ರಲ್ಲಿ ಹೊಸ ತಾಲ್ಲೂಕುಗಳು ರಚನೆಯಾದ ಮೇಲೆ ತಾಲ್ಲೂಕಿನ ಹೆಸರೂ ಹೌದು. ಅದಕ್ಕೆ ಮುನ್ನ ಕಂಪ್ಲಿ ಹೋಬಳಿ ಹೊಸಪೇಟೆ ತಾಲ್ಲೂಕಿನಲ್ಲಿತ್ತು. ಹೊಸ ತಾಲ್ಲೂಕು ಬಂದಾಗ ತಾಲ್ಲೂಕುಗಳ ಕೋಷ್ಟಕಕ್ಕೆ ಕಂಪ್ಲಿ ಎಂಬ ಹೊಸ ಸಾಲು ಸೇರಿ, ಹೋಬಳಿಯ ಹಳೆಯ ಸಾಲಿನ ಪರಕೀಲಿ ಹೊಸಪೇಟೆಯಿಂದ ಕಂಪ್ಲಿಗೆ ತಿರುಗಬೇಕು. ಹೆಸರನ್ನೇ ನಂಬಿದ ಕ್ರಮವಿಧಿಗೆ ಕಂಪ್ಲಿಯೇ ಕಂಪ್ಲಿಯ ಮಗುವಾಗಿ ಕಂಡು ತಲೆಕೆಟ್ಟುಹೋಗಬಹುದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶದಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿರುವುದು ಇಂಥ ಗೊಂದಲ ತಪ್ಪಿಸಲೆಂದೇ.

ಮಗು ಮನೆ ಬದಲಿಸಿದರೆ ಹಳೆಯ ವಿಳಾಸವೂ ಬೇಕು

ಪರಕೀಲಿಯನ್ನು 1ರಿಂದ 2ಕ್ಕೆ ತಿದ್ದಿದರೆ ಕೆಲಸ ಮುಗಿಯಿತು ಎಂದೆವು. ಇಂದಿನ ಮಟ್ಟಿಗೆ ಅದು ನಿಜ. ಆದರೆ ಹಿಂದಿನದು ಅಳಿಸಿಹೋಯಿತಲ್ಲ? ಹರಪನಹಳ್ಳಿಯನ್ನು ನೋಡಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಸರ್ಕಾರ ಅದನ್ನು ಮರಳಿ ಬಳ್ಳಾರಿಗೆ ಸೇರಿಸಿತು. 2021ರಲ್ಲಿ ಅದು ವಿಜಯನಗರಕ್ಕೆ ಬಂತು. ಕಾಲು ಶತಮಾನದೊಳಗೆ ಮೂರು ಸಲ ತಾಯಿ ಬದಲಾದಂತಾಯಿತು.

2011ರ ಜನಗಣತಿಯಲ್ಲಿ ಹರಪನಹಳ್ಳಿ ದಾವಣಗೆರೆಯ ಲೆಕ್ಕದಲ್ಲಿದೆ. ಇಂದಿನ ಪರಕೀಲಿಯನ್ನು ನಂಬಿ 2011ರ ಬಳ್ಳಾರಿ ಜಿಲ್ಲೆಯ ಮೊತ್ತ ತೆಗೆದರೆ ಅದರಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳು ಇರುವುದಿಲ್ಲ. ಮುದ್ರಿತ ವರದಿಗೂ ನಮ್ಮ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಅವಸರದ ಓದುಗ ಬಳ್ಳಾರಿಯ ಜನಸಂಖ್ಯೆಯೇ ಕುಸಿಯಿತೆಂದು ತಿಳಿಯಬಹುದು.

ಇದಕ್ಕೆ ಪರಿಹಾರ ಮೂರನೆಯ ಕೋಷ್ಟಕ. ತಾಲ್ಲೂಕು, ಜಿಲ್ಲೆ, ಎಂದಿನಿಂದ, ಎಂದಿನವರೆಗೆ ಎಂಬ ನಾಲ್ಕು ಕಾಲಂಗಳು:

ಹರಪನಹಳ್ಳಿ – ಬಳ್ಳಾರಿ – 1997ರವರೆಗೆ
ಹರಪನಹಳ್ಳಿ – ದಾವಣಗೆರೆ – 1997ರಿಂದ 2018
ಹರಪನಹಳ್ಳಿ – ಬಳ್ಳಾರಿ – 2018ರಿಂದ 2021
ಹರಪನಹಳ್ಳಿ – ವಿಜಯನಗರ – 2021ರಿಂದ

ಇಲ್ಲಿ ಸಂಬಂಧವೇ ಒಂದು ಆಬ್ಜೆಕ್ಟ್ ಆಯಿತು. ಜಿಲ್ಲೆಯನ್ನು ‘ನಿನ್ನ ತಾಲ್ಲೂಕುಗಳು ಯಾವುವು?’ ಎಂದು ಕೇಳುವ ಬದಲು ‘2011ರಲ್ಲಿ ನಿನ್ನ ತಾಲ್ಲೂಕುಗಳು ಯಾವುವು?’ ಎಂದು ಕೇಳಬಹುದು. ಹಂಪಿಯಂಥ ಊರಿಗೂ ಇಂಥ ಕೊಂಡಿ ಕೋಷ್ಟಕವೇ ಬೇಕಾಗುತ್ತದೆ. ಆಡಳಿತದ ದೃಷ್ಟಿಯಿಂದ ಹಂಪಿ ಹೊಸಪೇಟೆ ತಾಲ್ಲೂಕಿನ ಮಗು. ಆದರೆ 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ವಿಶ್ವ ಪರಂಪರೆಯ ತಾಣದ ಭಾಗವೂ ಹೌದು. ಆ ತಾಣದ ಪ್ರದೇಶ ನದಿಯಾಚೆ ಕೊಪ್ಪಳ ಜಿಲ್ಲೆಯ ಆನೆಗೊಂದಿಗೂ ಚಾಚಿದೆ. ಒಂದು ಮಗು, ಎರಡು ಬಗೆಯ ತಾಯಂದಿರು. ಒಂದೇ ಪರಕೀಲಿಯಲ್ಲಿ ಇದನ್ನು ಹಿಡಿಸಲಾಗದು.

ಸಂರಕ್ಷಣಾ ನಿಯಮ

ತಾಯಿ–ಮಗು ಸಂಬಂಧವೊಂದನ್ನು ಕೋಷ್ಟಕದಿಂದ ಆಬ್ಜೆಕ್ಟ್‌ಗೆ ಇಳಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಸಂಬಂಧದ ಎರಡು ತುದಿಗಳಲ್ಲಿ ಯಾವುದರ ಮಾತು ನಡೆಯಬೇಕು? ತಾಯಿಯೊಡನೆ ಮಕ್ಕಳನ್ನೂ ಒಟ್ಟಿಗೆ ತರಬೇಕೆ, ಬೇಕಾದಾಗ ತಂದರೆ ಸಾಕೆ? ತಾಯಿಯಿಂದ ಬೇರ್ಪಟ್ಟ ಮಗು ಬದುಕಬೇಕೆ, ಅಳಿಯಬೇಕೆ? ತಾಯಿ ಬದಲಾದರೆ ಹಳೆಯ ತಾಯಿಯ ನೆನಪು ಬೇಕೆ? ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ಗಣಕದ ವೇಗ ನೋಡಿ ಉತ್ತರಿಸಬಹುದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಉತ್ತರ ಯಾವ ಕೈಪಿಡಿಯಲ್ಲೂ ಇಲ್ಲ. ತಾಲ್ಲೂಕು ಎಂದರೇನು, ಗೇಟು ಎಂದರೇನು, ಬಿಲ್ಲಿನ ಸಾಲು ಎಂದರೇನು ಎಂದು ಹೊರಗಿನ ಲೋಕವನ್ನು ನೋಡಿಯೇ ತಿಳಿಯಬೇಕು.

ನಮ್ಮ ಪ್ರಯೋಗಶಾಲೆಯ ದತ್ತಸಂಚಯದಲ್ಲಿ ಪ್ರಮಾದದ ಬಳಿಕ ಎರಡು ಬದಲಾವಣೆ ಮಾಡಿದೆವು. ತಾಲ್ಲೂಕಿನ ಮೇಲಿದ್ದ ‘ಅನಾಥವಾದರೆ ಅಳಿಸು’ ಎಂಬ ಸೂಚನೆಯನ್ನು ತೆಗೆದು, ಮಕ್ಕಳಿರುವ ಯಾವ ಸಾಲನ್ನೂ ಅಳಿಸಲು ಬಿಡಬೇಡ ಎಂದು ದತ್ತಸಂಚಯಕ್ಕೇ ಹೇಳಿದೆವು. ಎರಡನೆಯದನ್ನು ಭೌತವಿಜ್ಞಾನದಿಂದ ಎರವಲು ಪಡೆದೆವು. ಸಂಘಟ್ಟನೆಯ ಮುಂಚೆ ಮತ್ತು ನಂತರ ಒಟ್ಟು ಸಂವೇಗ ಒಂದೇ ಇರಬೇಕೆಂದು ಲೆಕ್ಕ ತಾಳೆ ನೋಡುವುದಿಲ್ಲವೆ? ಹಾಗೆಯೇ ಜಿಲ್ಲೆ ಬದಲಿಸುವ ಕೆಲಸದ ಮುಂಚೆ ತಾಲ್ಲೂಕುಗಳನ್ನೂ ಮಳೆಯ ಅಳತೆಗಳನ್ನೂ ಎಣಿಸುವುದು, ಕೆಲಸದ ನಂತರ ಮತ್ತೆ ಎಣಿಸುವುದು, ಎರಡೂ ಸಮವಾದರೆ ಮಾತ್ರ ವಹಿವಾಟನ್ನು ಕಾಯಂ ಮಾಡುವುದು. ಬಳ್ಳಾರಿಯ 11 ಒಡೆದು 5 ಮತ್ತು 6 ಆಗಬಹುದು, 5 ಮತ್ತು 0 ಆಗಕೂಡದು. ಅಂದು ಈ ಎಣಿಕೆಯೊಂದನ್ನು ಬರೆದಿಟ್ಟಿದ್ದರೆ ಎರಡು ತಿಂಗಳ ಮಳೆಯನ್ನು ನೋಟ್‌ಬುಕ್ಕಿನಿಂದ ಮತ್ತೆ ತುಂಬುವ ಕೆಲಸ ನಮಗೆ ಇರುತ್ತಿರಲಿಲ್ಲ.